ಕ್ಯಾಮೆರಾಕ್ಕೆ ಸಿಗದ ಸಂಜೆ

ನನ್ನ ಫೋನಿನಲ್ಲಿ ಒಂದೇ ಸಂಜೆಯ 143 ಫೋಟೋಗಳಿವೆ. ಎಲ್ಲದರಲ್ಲೂ ಅದೇ ಸೂರ್ಯ, ಅದೇ ಸಮುದ್ರ, ಕೆಲವದರಲ್ಲಿ ಅಡ್ಡ ಬಂದ ಅದೇ ನಾಯಿ. ಡಿಲೀಟ್ ಮಾಡೋಣ ಅಂತ ಕೂತಾಗಲೆಲ್ಲ ಹತ್ತು ಅಳಿಸಿ ಸುಸ್ತಾಗಿ ಬಿಟ್ಟಿದ್ದೇನೆ. ನಿಮ್ಮ ಫೋನಿನಲ್ಲೂ ಇಂಥದ್ದೊಂದು ಗೋಡೌನ್ ಇದ್ದೇ ಇರುತ್ತೆ ಬಿಡಿ. ಗೋಕರ್ಣದ್ದೋ, ವರ್ಕಲದ್ದೋ, ಹನಿಮೂನಿಗೆ ಹೋದ ಬಾಲಿಯದ್ದೋ.

ನನ್ನದು ಆನ್ಯರ್ ಅನ್ನೋ ಊರಿನದು. ಇಂಡೋನೇಷ್ಯಾದ ಜಾವಾ ದ್ವೀಪದ ಪಶ್ಚಿಮ ತುದಿ. ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಆಫೀಸಿನ ಕೆಲಸದ ಮೇಲೆ ಮೂರು ವಾರ ಜಕಾರ್ತಾದಲ್ಲಿದ್ದೆ. ವೀಕೆಂಡಿಗೆ ಎಲ್ಲಿಗಾದ್ರೂ ಹೋಗಬೇಕು ಅಂದಾಗ ಅಲ್ಲಿನ ಸಹೋದ್ಯೋಗಿಗಳು ಹೇಳಿದ್ದು ಒಂದೇ ಮಾತು: ಬಾಲಿಗೆ ವಿಮಾನ ಬೇಕು, ಆನ್ಯರಿಗೆ ಕಾರು ಸಾಕು. ಟ್ರಾಫಿಕ್ ಕೈಕೊಡದಿದ್ದರೆ ಮೂರು ಗಂಟೆ. ಮನೆಗೆ ಫೋನ್ ಮಾಡಿ ಹೀಗೆ ಸನ್‌ಸೆಟ್ ನೋಡೋಕೆ ಹೋಗ್ತಿದೀನಿ ಅಂದೆ. ಅಮ್ಮ, "ಅದಕ್ಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲಿ ಮುಳುಗಲ್ವಾ?" ಅಂದಳು. ನ್ಯಾಯವಾದ ಪ್ರಶ್ನೆ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆನ್ಯರಿನ ತೀರದಲ್ಲಿ ನಿಂತು ನೇರ ಪಶ್ಚಿಮಕ್ಕೆ ನೋಡಿದರೆ ಸುಂಡಾ ಜಲಸಂಧಿ. ಅದರಾಚೆ, ಸುಮಾರು 50 ಕಿಲೋಮೀಟರ್ ದೂರದಲ್ಲಿ, ಮಂಜು ಕಡಿಮೆಯಿದ್ದ ದಿನ ಒಂದು ನೀಲಿ ತ್ರಿಕೋನ ಕಾಣುತ್ತೆ. ಅದು ರಕಾತಾ. ಕ್ರಕಟೋವಾ ಜ್ವಾಲಾಮುಖಿ ದ್ವೀಪ ಸಿಡಿದ ಮೇಲೆ ಉಳಿದುಕೊಂಡ ತುಂಡು. ಸೆಪ್ಟೆಂಬರಿನ ಕೊನೆಯ ವಾರದಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ಪಶ್ಚಿಮದಲ್ಲಿ ಮುಳುಗೋದರಿಂದ, ಆನ್ಯರಿನಿಂದ ನೋಡಿದರೆ ಅವನು ಇಳಿಯೋದು ಆ ತ್ರಿಕೋನದ ಆಸುಪಾಸಿನಲ್ಲೇ. ಇದಕ್ಕಿಂತ ಒಳ್ಳೆಯ ಫ್ರೇಮ್ ಬೇಕಾ? ತೀರದುದ್ದಕ್ಕೂ ಟ್ರೈಪಾಡ್‌ಗಳು, ಸೆಲ್ಫಿ ಸ್ಟಿಕ್‌ಗಳು, ಮದುವೆಗೆ ಮುಂಚಿನ ಫೋಟೋಶೂಟ್‌ಗೆ ಬಂದ ಎರಡು ಜೋಡಿ.

ನಾನು ಒಂದು ಎಳನೀರಿನ ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅಂಗಡಿ ನಡೆಸುತ್ತಿದ್ದದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಅಲ್ಲಿ ಹಿರಿಯ ಹೆಂಗಸರನ್ನು 'ಇಬು' ಅಂತಾರೆ, ಅಮ್ಮ ಅಂತ ಅರ್ಥ. ಇಬು ಎಳನೀರು ಕೊಟ್ಟು ಆಕಾಶದ ಕಡೆ ಕೈ ತೋರಿಸಿ "ಸೆಂಜಾ" ಅಂದರು. ನಾನು "ಸಂಜೆ!" ಅಂದೆ. ಅವರಿಗೆ ನಗು, ನನಗೆ ರೋಮಾಂಚನ. ಆಮೇಲೆ ನೋಡಿದರೆ ಅವರ 'ಸೆಂಜಾ', ನಮ್ಮ 'ಸಂಜೆ' ಎರಡೂ ಸಂಸ್ಕೃತದ 'ಸಂಧ್ಯಾ'ದ ಮಕ್ಕಳೇ.

ಸಂಜೆ ಏನೋ ಬಂತು, ಫೋಟೋ ಬರಲಿಲ್ಲ. ಕಣ್ಣಿಗೆ ಕಾಣ್ತಿದ್ದದ್ದು ಕುಂಕುಮಕ್ಕೂ ಇಟ್ಟಿಗೆಗೂ ನಡುವಿನ ಒಂದು ಕೆಂಪು. ಫೋನಿನಲ್ಲಿ ಬರ್ತಿದ್ದದ್ದು ಮ್ಯಾಂಗೋ ಜ್ಯೂಸ್. ಫೋನಿನ ಆಟೋ ವೈಟ್ ಬ್ಯಾಲೆನ್ಸ್‌ಗೆ ಇಡೀ ದೃಶ್ಯ ಕೆಂಪಾಗಿದ್ದರೆ ಏನೋ ತಪ್ಪಾಗಿದೆ ಅನ್ನಿಸುತ್ತೆ, ಅದನ್ನು 'ಸರಿ' ಮಾಡಿಬಿಡುತ್ತೆ. ಟ್ಯೂಬ್‌ಲೈಟಿನ ಕೆಳಗೆ ಅನ್ನ ಬೆಳ್ಳಗೆ ಕಾಣುವಂತೆ ಮಾಡೋ ಅದೇ ಬುದ್ಧಿವಂತಿಕೆ ಇಲ್ಲಿ ಕೆಲಸ ಕೆಡಿಸುತ್ತೆ. ಪ್ರೋ ಮೋಡ್‌ಗೆ ಹೋಗಿ ವೈಟ್ ಬ್ಯಾಲೆನ್ಸ್ ಅನ್ನು ಡೇಲೈಟ್‌ಗೆ, ಅಂದ್ರೆ 5500 ಕೆಲ್ವಿನ್ ಹತ್ತಿರಕ್ಕೆ, ಕಟ್ಟಿಹಾಕಿ, ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿದರೆ ಸ್ವಲ್ಪ ದಾರಿಗೆ ಬರುತ್ತೆ. ಇದು ನನಗೆ ಗೊತ್ತಾಗೋ ಹೊತ್ತಿಗೆ ಸೂರ್ಯ ಹೋಗಿಯಾಗಿತ್ತು. ಭೂಮಧ್ಯರೇಖೆಯ ಹತ್ತಿರದ ಸೂರ್ಯನಿಗೆ ಸಾವಧಾನ ಇಲ್ಲ. ಯುರೋಪಿನಲ್ಲಿ ಅವನು ಓರೆಯಾಗಿ, ಜಾರುಬಂಡೆಯ ಮೇಲೆ ಕೂತವನ ಹಾಗೆ ಇಳಿತಾನೆ. ಇಲ್ಲಿ ಬಾವಿಗೆ ಕಲ್ಲು ಬಿದ್ದ ಹಾಗೆ ನೇರ ಕೆಳಕ್ಕೆ. ಬಣ್ಣ ಕಟ್ಟೋದು, ಕರಗೋದು ಎಲ್ಲ ಅರ್ಧ ಗಂಟೆಯೊಳಗೆ ಮುಗಿದು ಕತ್ತಲು.

ಫೋಟೋ ಕೆಟ್ಟ ಬೇಸರದಲ್ಲಿ ಆ ರಾತ್ರಿ ಹೋಟೆಲ್ ರೂಮಿನಲ್ಲಿ ಕೂತು ಓದೋಕೆ ಶುರುಮಾಡಿದೆ. ಆ ತ್ರಿಕೋನದ ಬಗ್ಗೆ, ಸೂರ್ಯಾಸ್ತಗಳ ಬಗ್ಗೆ. ನಿದ್ದೆ ಕೆಟ್ಟಿತು.

1883ರ ಮೇ ತಿಂಗಳು. ಕ್ರಕಟೋವಾ ಇನ್ನೂರು ವರ್ಷ ಸುಮ್ಮನಿದ್ದು ಹೊಗೆಯಾಡಲು ಶುರುಮಾಡಿತ್ತು. ಆಗ ಡಚ್ಚರ ಆಳ್ವಿಕೆ, ಜಕಾರ್ತಾದ ಹೆಸರು ಬಟಾವಿಯಾ. ಅಲ್ಲಿನ ಶ್ರೀಮಂತರು ಏನು ಮಾಡಿದರು ಗೊತ್ತಾ? ಟೂರ್ ಹೋದರು! 'ಗವರ್ನರ್ ಜನರಲ್ ಲೌಡನ್' ಅನ್ನೋ ಉಗಿಹಡಗಿನಲ್ಲಿ ಮೇ 27ರಂದು ಪ್ರವಾಸಿಗರ ಗುಂಪೊಂದು ದ್ವೀಪಕ್ಕೇ ಹೋಗಿ ಇಳಿಯಿತು. ಬೂದಿಯಲ್ಲಿ ಕಾಲು ಹೂತುಕೊಳ್ತಾ ಹತ್ತಿ ಬಾಯಿಯ ಅಂಚಿಗೆ ನಿಂತು ಒಳಗೆ ಇಣುಕಿದವರೂ ಇದ್ದರು. ಹೊಗೆ ಉಗುಳುತ್ತಿರುವ ಕ್ರಕಟೋವಾದ ಪ್ರಸಿದ್ಧ ಫೋಟೋ ಇದೆಯಲ್ಲ, ಅದು ಆ ಪಿಕ್ನಿಕ್ಕಿನಲ್ಲಿ ತೆಗೆದದ್ದು. ನಮ್ಮ ಕಾಲದವರಿಗೆ ಮಾತ್ರ ಹುಚ್ಚು ಅಂದುಕೊಂಡಿದ್ದೆ.

ಮೂರು ತಿಂಗಳ ನಂತರ, ಆಗಸ್ಟ್ 26ರ ಮಧ್ಯಾಹ್ನ ಸ್ಫೋಟ ಶುರುವಾಯಿತು. ಮಾರನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ನಡೆದ ಕೊನೆಯ ದೊಡ್ಡ ಸ್ಫೋಟದಲ್ಲಿ ದ್ವೀಪದ ಮೂರನೇ ಎರಡು ಭಾಗ ಇಲ್ಲವಾಯಿತು. ಆ ಸದ್ದು 4,800 ಕಿಲೋಮೀಟರ್ ದೂರದ ರಾಡ್ರಿಗಸ್ ದ್ವೀಪದಲ್ಲಿ ಕೇಳಿಸಿತು. ಅಲ್ಲಿನ ಪೊಲೀಸ್ ಮುಖ್ಯಸ್ಥ ಅದನ್ನು ದೂರದಲ್ಲಿ ಹಾರಿಸಿದ ಫಿರಂಗಿಯ ಸದ್ದು ಅಂದುಕೊಂಡ. ಬೆಂಗಳೂರಿನಿಂದ ಬೀಜಿಂಗ್‌ಗೆ ಎಷ್ಟು ದೂರವೋ ಹೆಚ್ಚುಕಡಿಮೆ ಅಷ್ಟೇ ದೂರ ಅದು. ಗಾಳಿಯ ಒತ್ತಡದ ಅಲೆ ಭೂಮಿಯನ್ನು ಸುತ್ತಿ ಸುತ್ತಿ ಬಂದದ್ದನ್ನು ಜಗತ್ತಿನ ಎಷ್ಟೋ ಊರುಗಳ ಬ್ಯಾರೋಮೀಟರ್‌ಗಳು ಕಾಗದದ ಮೇಲೆ ಗೀಚಿಟ್ಟವು.

ಆದರೆ ಕೊಂದದ್ದು ಸದ್ದಲ್ಲ, ನೀರು. ಜಲಸಂಧಿಯ ಎರಡೂ ದಡಕ್ಕೆ ನುಗ್ಗಿದ ಅಲೆಗಳು ಕೆಲವು ಕಡೆ 30 ಮೀಟರಿಗೂ ಎತ್ತರ, ಹತ್ತು ಮಹಡಿಯ ಅಪಾರ್ಟ್‌ಮೆಂಟಿನಷ್ಟು. ಆನ್ಯರ್ ಊರು ಸಂಪೂರ್ಣ ತೊಳೆದುಹೋಯಿತು. ಎದುರು ದಡದ ಸುಮಾತ್ರಾದಲ್ಲಿ 'ಬೆರೌ' ಅನ್ನೋ ಡಚ್ ಗನ್‌ಬೋಟನ್ನು ಅಲೆ ಎತ್ತಿ ಎರಡು ಕಿಲೋಮೀಟರಿಗೂ ಹೆಚ್ಚು ಒಳಗೆ ಕಾಡಿನಲ್ಲಿ ಇಟ್ಟಿತು. ಮೇ ತಿಂಗಳಲ್ಲಿ ಪಿಕ್ನಿಕ್ ಕರೆದೊಯ್ದಿದ್ದ ಅದೇ ಲೌಡನ್ ಹಡಗು ಅಂದು ಅದೇ ಕೊಲ್ಲಿಯಲ್ಲಿತ್ತು. ಅದರ ಕ್ಯಾಪ್ಟನ್ ಹಡಗಿನ ಮೂತಿಯನ್ನು ಅಲೆಗೇ ತಿರುಗಿಸಿ ಹತ್ತಿಸಿ ಇಳಿಸಿ ಉಳಿಸಿಕೊಂಡ.

ಸರ್ಕಾರಿ ಲೆಕ್ಕದಲ್ಲಿ ಸತ್ತವರು 36,417. ಯುರೋಪಿಯನ್ನರು 37. ಉಳಿದವರು ಅಲ್ಲಿನ ಜನ, ಚೀನೀ ವ್ಯಾಪಾರಿಗಳು, ಮೀನುಗಾರರು, ರೈತರು.

ಇಷ್ಟು ನಿಮಗೆ ಗೊತ್ತಿರಬಹುದು. ನನಗೆ ಗೊತ್ತಿಲ್ಲದಿದ್ದದ್ದು ಆಮೇಲಿನ ಕಥೆ, ಆಕಾಶದ ಕಥೆ.

ಸ್ಫೋಟ ಬೂದಿಯನ್ನು ಮಾತ್ರ ಮೇಲಕ್ಕೆ ಎಸೆದಿರಲಿಲ್ಲ, ಗಂಧಕದ ಅನಿಲವನ್ನೂ ಎಸೆದಿತ್ತು. ಮಳೆ ಮೋಡಗಳಿಗಿಂತ ಎಷ್ಟೋ ಮೇಲೆ, ಸ್ಟ್ರಾಟೋಸ್ಫಿಯರಿನಲ್ಲಿ, ಅದು ಗಂಧಕಾಮ್ಲದ ಅತಿ ಸಣ್ಣ ಹನಿಗಳಾಯಿತು. ಅಲ್ಲಿ ಮಳೆ ಇಲ್ಲ, ಹಾಗಾಗಿ ತೊಳೆದುಹೋಗೋದಿಲ್ಲ. ವರ್ಷಗಟ್ಟಲೆ ತೇಲಬಹುದು. ಈ ಪರದೆ ಸಮಭಾಜಕದ ಗುಂಟ ಪಶ್ಚಿಮಕ್ಕೆ ಹೊರಟಿತು. ಹಿಂದೂ ಮಹಾಸಾಗರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಸೆಪ್ಟೆಂಬರ್ 5ರಂದು ಹವಾಯಿಯ ಹೊನೊಲುಲುವಿನಲ್ಲಿತ್ತು. ಅಲ್ಲಿ ಸೆರೆನೊ ಬಿಷಪ್ ಅನ್ನೋ ಪಾದ್ರಿ ಸೂರ್ಯನ ಸುತ್ತ ಮಸುಕಾದ ಒಂದು ಬಳೆಯನ್ನು ಗಮನಿಸಿ ಬರೆದಿಟ್ಟರು. ಇಂದಿಗೂ ಅಂಥ ಬಳೆಗೆ 'ಬಿಷಪ್ ರಿಂಗ್' ಅಂತಲೇ ಹೆಸರು. ಎರಡು ವಾರದೊಳಗೆ ಪರದೆ ಭೂಮಿಗೆ ಒಂದು ಪೂರ್ತಿ ಸುತ್ತು ಹಾಕಿತ್ತು. ಅಷ್ಟು ಎತ್ತರದಲ್ಲಿ ಅಷ್ಟು ವೇಗದ ಗಾಳಿ ಬೀಸುತ್ತೆ ಅನ್ನೋದೇ ಅಂದಿನ ವಿಜ್ಞಾನಕ್ಕೆ ಸುದ್ದಿ.

ಸೆಪ್ಟೆಂಬರ್ ಎರಡನೇ ವಾರ ಅದು ನಮ್ಮ ತಲೆಯ ಮೇಲೆ. ಸಿಲೋನ್ ಮತ್ತು ದಕ್ಷಿಣ ಭಾರತದ ಜನ ಹಸಿರು ಸೂರ್ಯನನ್ನು ನೋಡಿದರು! ಉತ್ಪ್ರೇಕ್ಷೆ ಅಲ್ಲ. ಹುಟ್ಟುವಾಗ, ಮುಳುಗುವಾಗ ಸೂರ್ಯ ಹಸಿರು. ಕೆಲವು ಕಡೆ ನೀಲಿ. ಮದರಾಸಿನಲ್ಲಿ ಸರ್ಕಾರಿ ಖಗೋಳಜ್ಞ ನಾರ್ಮನ್ ಪಾಗ್‌ಸನ್ ಇದನ್ನು ದಾಖಲಿಸಿದರು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಮೈಕಿ ಸ್ಮಿತ್ ಸ್ಪೆಕ್ಟ್ರೋಸ್ಕೋಪ್ ಹಿಡಿದು ಆ ಹಸಿರು ಬೆಳಕನ್ನೇ ಬಿಡಿಸಿ ನೋಡಿದರು. ಮುಂದೆ ಕೊಡೈಕನಾಲ್ ವೀಕ್ಷಣಾಲಯದ ಮೊದಲ ನಿರ್ದೇಶಕರಾದವರು ಅವರೇ. ಕಣಗಳ ಗಾತ್ರ ಬೆಳಕಿನ ತರಂಗಾಂತರದ ಆಸುಪಾಸಿಗೆ ಬಂದಾಗ ಕೆಂಪನ್ನೇ ಹೆಚ್ಚು ಚದುರಿಸಿ ಹಸಿರು-ನೀಲಿಯನ್ನು ನೇರ ಬಿಡುತ್ತವೆ, ಅದಕ್ಕೇ ಈ ಉಲ್ಟಾ ಸೂರ್ಯ.

ಇಲ್ಲೊಂದು ಅಡ್ಡಮಾತು, ಕ್ಷಮಿಸಿ. ಅದೇ 1883ರಲ್ಲಿ ಇಪ್ಪತ್ತೆರಡರ ಹುಡುಗ ರವೀಂದ್ರನಾಥ ಟಾಗೋರ್ ನಮ್ಮ ಕಾರವಾರದ ಕಡಲತೀರದಲ್ಲಿದ್ದರು. ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಿಲ್ಲಾ ಜಡ್ಜ್. ಅಲ್ಲಿದ್ದಾಗ ಬರೆದ ನಾಟಕದ ಹೆಸರು 'ಪ್ರಕೃತಿರ್ ಪ್ರತಿಶೋಧ್', ಅಂದ್ರೆ ಪ್ರಕೃತಿಯ ಸೇಡು. ನಾಟಕಕ್ಕೂ ಕ್ರಕಟೋವಾಕ್ಕೂ ಏನೂ ಸಂಬಂಧ ಇಲ್ಲ, ಅದು ಒಬ್ಬ ಸನ್ಯಾಸಿಯ ಕಥೆ. ಆದರೆ ಆ ವರ್ಷ, ಆ ಹೆಸರು! ಕಾರವಾರದ ಬೀಚಿಗೆ ಈಗ ಟಾಗೋರರ ಹೆಸರೇ ಇದೆ. ಮುಂದಿನ ಸಲ ಅಲ್ಲಿ ಸನ್‌ಸೆಟ್ ತೆಗೆಯುವಾಗ ನೆನಪಿಸಿಕೊಳ್ಳಿ.

ಹಸಿರು ಸೂರ್ಯ ಕೆಲವು ದಿನಗಳ ಮಾತು. ಆಮೇಲೆ ಬಂದದ್ದು ಕೆಂಪು ಸಂಜೆಗಳು. ಪರದೆ ನಿಧಾನವಾಗಿ ಉತ್ತರಕ್ಕೆ ದಕ್ಷಿಣಕ್ಕೆ ಹರಡಿ, ನವೆಂಬರ್ ಕೊನೆಯ ಹೊತ್ತಿಗೆ ಯುರೋಪು ಅಮೆರಿಕಗಳನ್ನು ಆವರಿಸಿತು. ಸೂರ್ಯ ಮುಳುಗಿ ನಮಗೆ ಕತ್ತಲಾದ ಮೇಲೂ ಅಷ್ಟು ಎತ್ತರದ ಹನಿಗಳಿಗೆ ಬಿಸಿಲು ಬೀಳ್ತಾನೇ ಇರುತ್ತೆ. ಹಾಗಾಗಿ ಒಮ್ಮೆ ಸಂಜೆಯಾಗಿ, ಕಪ್ಪಾಗಿ, ಮತ್ತೆ ಇಡೀ ಪಶ್ಚಿಮ ರಕ್ತಗೆಂಪಾಗಿ ಹೊತ್ತಿಕೊಳ್ಳುತ್ತಿತ್ತು. ನ್ಯೂಯಾರ್ಕ್ ರಾಜ್ಯದ ಪಕೀಪ್ಸಿ, ಕನೆಕ್ಟಿಕಟ್‌ನ ನ್ಯೂ ಹೇವನ್ ಊರುಗಳಲ್ಲಿ ಎಲ್ಲೋ ದೊಡ್ಡ ಬೆಂಕಿ ಬಿದ್ದಿದೆ ಅಂತ ಫೈರ್ ಎಂಜಿನ್ ಕರೆಸಿದರು. ಬೆಂಕಿ ಬಿದ್ದದ್ದು ನಿಜ, ಮೂರು ತಿಂಗಳ ಹಿಂದೆ, ಭೂಮಿಯ ಆಚೆ ಮಗ್ಗುಲಲ್ಲಿ.

ಈಗ ನೀವೇ ಹೇಳಿ: ಆಧುನಿಕ ಕಾಲದ ಅತ್ಯಂತ ಕೆಂಪಾದ, ಅತ್ಯಂತ ಉದ್ದದ, ಇಡೀ ಜಗತ್ತು ನೋಡಿದ ಸೂರ್ಯಾಸ್ತಗಳು. ಫೋಟೋಗ್ರಫಿ ಹುಟ್ಟಿ ಆಗಲೇ ನಲವತ್ತು ವರ್ಷ ದಾಟಿತ್ತು. ಊರೂರಿಗೆ ಸ್ಟುಡಿಯೋ ಇತ್ತು. ಆ ಸಂಜೆಗಳ ಫೋಟೋ ಎಲ್ಲಿ?

ಅವುಗಳ ಬಣ್ಣ ಹಿಡಿದ ಒಂದು ಫೋಟೋನೂ ಇಲ್ಲ. ಕಾರಣ ತುಂಬಾ ಸರಳ. ಅಂದಿನ ಗಾಜಿನ ಪ್ಲೇಟುಗಳಿಗೆ ಕೆಂಪು ಅನ್ನೋ ಬಣ್ಣವೇ ಕಾಣ್ತಿರಲಿಲ್ಲ. ಅವುಗಳಲ್ಲಿದ್ದ ಬೆಳ್ಳಿಯ ಲವಣಗಳು ನೀಲಿಗೂ ನೇರಳಾತೀತಕ್ಕೂ ಸ್ಪಂದಿಸುತ್ತಿದ್ದವು, ಕೆಂಪಿಗೆ ಕುರುಡು. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡು ಕೆಲಸ ಮಾಡ್ತಿದ್ದದ್ದು ಇದಕ್ಕೇ. ಪ್ಲೇಟಿನ ಲೆಕ್ಕದಲ್ಲಿ ಕೆಂಪು ಬೆಳಕು ಅಂದ್ರೆ ಕತ್ತಲೆ. ಅಂದ್ರೆ ಆ ನವೆಂಬರಿನ ಆಕಾಶಕ್ಕೆ ಕ್ಯಾಮೆರಾ ಹಿಡಿದವನಿಗೆ ಅತಿ ಹೆಚ್ಚು ಉರಿಯುತ್ತಿದ್ದ ಜಾಗವೇ ಅತಿ ಕಪ್ಪಾಗಿ ಬರ್ತಿತ್ತು. ಜರ್ಮನಿಯ ಹರ್ಮನ್ ಫೋಗೆಲ್ 1873ರಲ್ಲೇ ಪ್ಲೇಟಿಗೆ ಬಣ್ಣದ ಡೈ ಬೆರೆಸಿ ಅದರ ಕಣ್ಣನ್ನು ಹಸಿರಿನ ತನಕ ತೆರೆಸಬಹುದು ಅಂತ ಕಂಡುಹಿಡಿದಿದ್ದರು. ಆದರೆ ಕೆಂಪೂ ಕಾಣುವ ಪ್ಲೇಟುಗಳು ಅಂಗಡಿಗೆ ಬಂದದ್ದು 1906ರಲ್ಲಿ. ಮಾಮೂಲಿ ಮನುಷ್ಯ ಕೊಂಡು ಬಣ್ಣದ ಫೋಟೋ ತೆಗೆಯಬಹುದಾದ ಆಟೋಕ್ರೋಮ್ 1907, ಕೊಡಾಕ್ರೋಮ್ 1935. ಕ್ರಕಟೋವಾದ ಸಂಜೆಗಳು ಅಷ್ಟು ದಿನ ಕಾಯಲಿಲ್ಲ.

ಹಾಗಂತ ಸಮುದ್ರ-ಆಕಾಶದ ಫೋಟೋಗಳೇ ಇರಲಿಲ್ಲ ಅಂತಲ್ಲ. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1856-57ರಲ್ಲೇ ಅದ್ಭುತವಾದ ಕಡಲ ಚಿತ್ರಗಳನ್ನು ತೆಗೆದಿದ್ದರು. ಪ್ಲೇಟಿಗೆ ಆಕಾಶ ಸರಿಯಾಗಿ ಬಂದರೆ ಕಡಲು ಕಪ್ಪು, ಕಡಲು ಬಂದರೆ ಆಕಾಶ ಬೋಳು. ಲ ಗ್ರೇ ಏನ್ಮಾಡಿದರು ಅಂದ್ರೆ ಎರಡು ನೆಗೆಟಿವ್ ತೆಗೆದು, ದಿಗಂತದ ಗೆರೆಯಲ್ಲಿ ಹೊಂದಿಸಿ, ಒಂದೇ ಕಾಗದಕ್ಕೆ ಪ್ರಿಂಟ್ ಹಾಕಿದರು. ನಿಮ್ಮ ಫೋನಿನ ಎಚ್‌ಡಿಆರ್ ಇವತ್ತು ಮಾಡೋದು ಇದನ್ನೇ. 'ನೋ ಫಿಲ್ಟರ್' ಅಂತ ಬಡಾಯಿ ಕೊಚ್ಚುವವರಿಗೆ ಈ ಮನುಷ್ಯನ ಕಥೆ ಹೇಳಬೇಕು.

ಹಾಗಾದರೆ ಆ ಸಂಜೆಗಳ ಬಣ್ಣ ನಮಗೆ ಗೊತ್ತಾದದ್ದು ಹೇಗೆ? ಒಬ್ಬ ಮನುಷ್ಯ ಕೂತು ಬಿಡಿಸಿದ್ದರಿಂದ. ವಿಲಿಯಂ ಆಸ್‌ಕ್ರಾಫ್ಟ್ ಅನ್ನೋ ಚಿತ್ರಕಾರ ಲಂಡನ್ನಿನ ಚೆಲ್ಸಿಯಲ್ಲಿ ಥೇಮ್ಸ್ ನದಿಯ ದಡದಲ್ಲಿ ಸಂಜೆ ಸಂಜೆಗೂ ಪೇಸ್ಟಲ್ ಬಳಪ ಹಿಡಿದು ಕೂರ್ತಿದ್ದರು. ಕೆಲವು ನಿಮಿಷಕ್ಕೊಂದು ಸ್ಕೆಚ್, ಆಯಾ ಸ್ಕೆಚ್ಚಿಗೆ ಹೊತ್ತು ನಮೂದು. ಬಣ್ಣ ಬದಲಾಯಿತಾ, ಇನ್ನೊಂದು ಹಾಳೆ. ನಾವು ಬರ್ಸ್ಟ್ ಮೋಡಿನಲ್ಲಿ ಮಾಡೋದನ್ನ ಅವರು ಚಳಿಯಲ್ಲಿ ಬೆರಳು ಮರಗಟ್ಟಿಸಿಕೊಂಡು ಮಾಡಿದರು, 1886ರವರೆಗೆ. 500ಕ್ಕೂ ಹೆಚ್ಚು ಸ್ಕೆಚ್‌ಗಳು. ಇವತ್ತಿಗೂ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿವೆ. ನೆಟ್ಟಿನಲ್ಲಿ ಹುಡುಕಿ ನೋಡಿ. ಅವುಗಳಲ್ಲಿ ಮಹಾ ಕಲೆ ಅನ್ನೋದು ಏನೂ ಇಲ್ಲ, ಬಣ್ಣದ ಪಟ್ಟಿಗಳು ಅಷ್ಟೆ. ಆದರೆ ನಾನು ಆ ರಾತ್ರಿ ಎರಡು ಗಂಟೆಗೆ ಅವನ್ನು ನೋಡಿದಾಗ ನನ್ನ 143 ಮ್ಯಾಂಗೋ ಜ್ಯೂಸುಗಳ ಬಗ್ಗೆ ನಾಚಿಕೆಯಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಚೆಂದದ ಕಥೆ. ಮುಗಿಯಲಿಲ್ಲ.

ಲಂಡನ್ನಿನ ರಾಯಲ್ ಸೊಸೈಟಿ 1888ರಲ್ಲಿ ಕ್ರಕಟೋವಾದ ಬಗ್ಗೆ ದಪ್ಪ ವರದಿ ಹೊರತಂದಿತು. ತೆರೆದ ಕೂಡಲೇ ಕಾಣೋದು ಆಸ್‌ಕ್ರಾಫ್ಟರ ಬಣ್ಣದ ಸಂಜೆಗಳು. ಒಳಗೆ ಅರ್ಧಕ್ಕೂ ಹೆಚ್ಚು ಪುಟಗಳು ಆಕಾಶದ ಬಣ್ಣಗಳ ಬಗ್ಗೆಯೇ: ಎಲ್ಲಿ, ಯಾವ ದಿನ, ಯಾರು, ಯಾವ ಬಣ್ಣ ನೋಡಿದರು. ಹಡಗಿನ ಕ್ಯಾಪ್ಟನ್ನರು, ಪಾದ್ರಿಗಳು, ಪ್ಲಾಂಟರುಗಳು, ಕವಿಗಳು ಕೂಡ. ವಿಜ್ಞಾನಕ್ಕೆ ಅದು ಬೇಕಾಗಿತ್ತು, ತಪ್ಪು ಅನ್ನಲ್ಲ. ವಾತಾವರಣದ ಮೇಲ್ಪದರದ ಗಾಳಿಯ ಬಗ್ಗೆ ನಮಗೆ ತಿಳಿದದ್ದೇ ಆ ಪಟ್ಟಿಗಳಿಂದ. ಡಚ್ ಭೂವಿಜ್ಞಾನಿ ಫರ್ಬೇಕ್ ಬೇರೆಯಾಗಿ ದಡದುದ್ದಕ್ಕೂ ಅಲೆದು ತಮ್ಮ ವರದಿ ಬರೆದರು. ಸತ್ತವರ ಸಂಖ್ಯೆ, ಅಳಿದ 165 ಊರುಗಳ ಲೆಕ್ಕ ನಮಗೆ ದಕ್ಕಿರೋದು ಅಂಥ ಕೆಲಸದಿಂದ. ಆದರೆ ಆ ಊರುಗಳ ಜನರ ದನಿ? ಸ್ಥಳೀಯರೊಬ್ಬರು ಬರೆದದ್ದು ಅಂತ ಉಳಿದಿರೋದು ಮಲಯ ಭಾಷೆಯ ಒಂದೇ ಒಂದು ಪದ್ಯಕಥನ. ಮುಹಮ್ಮದ್ ಸಾಲೆಹ್ ಅನ್ನುವವರು ಬರೆದು ಸಿಂಗಪುರದಲ್ಲಿ ಅಚ್ಚಾದ 'ಶಾಯಿರ್ ಲಾಂಪುಂಗ್ ಕರಮ್', ಲಾಂಪುಂಗ್ ಮುಳುಗಿದ ಕಥೆ. ನೂರಕ್ಕೂ ಹೆಚ್ಚು ವರ್ಷ ಅದನ್ನು ಹೆಚ್ಚಿನವರು ಓದಿಯೇ ಇರಲಿಲ್ಲ.

ಆಕಾಶಕ್ಕೆ ಎಕ್ಸ್‌ಪೋಸ್ ಮಾಡಿದರೆ ಮುಂದೆ ನಿಂತವರು ಕಪ್ಪಾಗ್ತಾರೆ. ಫೋಟೋ ತೆಗೆಯೋ ಎಲ್ಲರಿಗೂ ಗೊತ್ತಿರೋ ಮಾತು.

ಮಾರನೆಯ ದಿನ ಬೆಳಿಗ್ಗೆ ಆನ್ಯರಿನ ಲೈಟ್‌ಹೌಸಿಗೆ ಹೋದೆ. ಬಿಳಿ ಬಣ್ಣದ ಎತ್ತರದ ಕಬ್ಬಿಣದ ಗೋಪುರ, 1885ರಲ್ಲಿ ಕಟ್ಟಿದ್ದು. ಅದರ ಹತ್ತಿರವೇ ಹಳೆಯ ಲೈಟ್‌ಹೌಸಿನ ಬುಡ ಮಾತ್ರ ಉಳಿದಿದೆ. ಮೇಲಿನದ್ದನ್ನು 1883ರ ಅಲೆ ತೆಗೆದುಕೊಂಡು ಹೋಯಿತು. ಆ ಬುಡದ ಮೇಲೆ ಕೂತು ಹುಡುಗರು ಮೊಬೈಲ್ ಗೇಮ್ ಆಡ್ತಿದ್ದರು.

ಸಂಜೆ ಮತ್ತೆ ಇಬು ಅಂಗಡಿ. ಅವತ್ತು ಅವರ ಮಗಳೂ ಇದ್ದಳು, ಕಾಲೇಜು ಹುಡುಗಿ, ಇಂಗ್ಲಿಷ್ ಚೆನ್ನಾಗಿ ಮಾತಾಡ್ತಾಳೆ. ನಾನು ಉತ್ಸಾಹದಲ್ಲಿ ಕ್ರಕಟೋವಾ, 1883, ಹಸಿರು ಸೂರ್ಯ ಅಂತೆಲ್ಲ ಶುರುಮಾಡಿದೆ. ಹುಡುಗಿ ಅಮ್ಮನಿಗೆ ಅನುವಾದ ಮಾಡಿದಳು. ಇಬು ಸ್ವಲ್ಪ ಹೊತ್ತು ಸುಮ್ಮನಿದ್ದು ಏನೋ ಹೇಳಿದರು. ಮಗಳು ನನ್ನ ಕಡೆ ತಿರುಗಿ, "ಅಮ್ಮ ಕೇಳ್ತಿದಾಳೆ, ನಿಮಗೆ 1883 ಗೊತ್ತು, 2018 ಗೊತ್ತಾ ಅಂತ" ಅಂದಳು.

ಗೊತ್ತಿತ್ತು, ಹಿಂದಿನ ರಾತ್ರಿಯಷ್ಟೇ ಓದಿದ್ದೆ. 1883ರ ಸ್ಫೋಟದ ಹೊಂಡದಿಂದ 1927ರಲ್ಲಿ ಹೊಸದೊಂದು ಜ್ವಾಲಾಮುಖಿ ಮೇಲೆದ್ದಿತು. ಹೆಸರು ಅನಕ್ ಕ್ರಕಟೌ, ಕ್ರಕಟೋವಾದ ಮಗು. 2018ರ ಡಿಸೆಂಬರ್ 22ರ ರಾತ್ರಿ ಆ ಮಗುವಿನ ಒಂದು ಪಕ್ಕೆ ಕುಸಿದು ಸಮುದ್ರಕ್ಕೆ ಜಾರಿತು. 338 ಮೀಟರ್ ಇದ್ದ ಬೆಟ್ಟ ಕೊನೆಗೆ 110 ಮೀಟರಿಗೆ ಇಳಿಯಿತು. ಎಚ್ಚರಿಕೆಯ ವ್ಯವಸ್ಥೆ ಇದ್ದದ್ದು ಭೂಕಂಪದಿಂದ ಏಳುವ ಸುನಾಮಿಗೆ. ಇಲ್ಲಿ ಭೂಕಂಪವೇ ಆಗಿರಲಿಲ್ಲ, ಹಾಗಾಗಿ ಸೈರನ್ ಕೂಗಲಿಲ್ಲ. ಶನಿವಾರ ರಾತ್ರಿ ಒಂಬತ್ತೂವರೆ, ಹುಣ್ಣಿಮೆ, ರಜೆಯ ಜನ. 430ಕ್ಕೂ ಹೆಚ್ಚು ಸಾವು. ಆ ಹೊತ್ತಿಗೆ ಆನ್ಯರ್ ತೀರದಲ್ಲಿ ನಾರ್ವೆಯ ಒಬ್ಬ ಫೋಟೋಗ್ರಾಫರ್ ಜ್ವಾಲಾಮುಖಿಯ ಫೋಟೋ ತೆಗೆಯುತ್ತಿದ್ದ. ಎರಡು ಅಲೆ ಬಂದವು, ಓಡಿ ಪಾರಾದ.

ಇಬು ಅವರ ಅಂಗಡಿ ಆಗ ಇಲ್ಲಿರಲಿಲ್ಲ. ದಕ್ಷಿಣಕ್ಕೆ, ಚರಿತಾ ಬೀಚಿನ ಕಡೆ ಇತ್ತು. (ಅಲ್ಲಿನ ಸುಂಡಾ ಭಾಷೆಯಲ್ಲಿ ಆ ಪದಕ್ಕೆ ಕಥೆ ಅಂತ ಅರ್ಥ. ನಮ್ಮ 'ಚರಿತೆ'ಯೇ.) ತಾಯಿ ಮಗಳು ಒಳಗಿನ ಹಳ್ಳಿಯಲ್ಲಿ ಮನೆಯಲ್ಲಿದ್ದರು. ಯಜಮಾನರು ಕುರ್ಚಿಗಳನ್ನು ಎತ್ತಿಟ್ಟು ಅಂಗಡಿ ಮುಚ್ಚುತ್ತಿದ್ದರು. ಇಷ್ಟನ್ನು ಹುಡುಗಿ ಬಸ್ಸಿನ ಟೈಮಿಂಗ್ ಹೇಳಿದಷ್ಟು ಸಹಜವಾಗಿ ಹೇಳಿದಳು. ಎಷ್ಟು ಸಲ ಹೇಳಿದ್ದಳೋ ಏನೋ.

ಆಮೇಲೆ ಇಬು ತಮ್ಮ ಫೋನ್ ತೆಗೆದು ನನಗೊಂದು ಫೋಟೋ ತೋರಿಸಿದರು. ಸೂರ್ಯಾಸ್ತದ ಫೋಟೋ. ಆ ವರ್ಷದ ಆರಂಭದಲ್ಲಿ ಬಂಡುಂಗ್ ಕಡೆಯ ಯಾರೋ ಪ್ರವಾಸಿ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದ್ದು, ಮಗಳು ಹುಡುಕಿ ಇಳಿಸಿಕೊಂಡಿದ್ದಳು. ನಿಜ ಹೇಳಬೇಕಂದ್ರೆ ನನ್ನ 143ಕ್ಕಿಂತ ಚೆನ್ನಾಗಿತ್ತು. ಕುಂಕುಮಗೆಂಪು ಸರಿಯಾಗಿ ಬಂದಿತ್ತು. ಬಲ ಅಂಚಿನಲ್ಲಿ ತಲೆಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಹೊತ್ತು ನಡೀತಿರೋ ಒಬ್ಬ ಮನುಷ್ಯನ ಕಪ್ಪು ಆಕೃತಿ. ಅವರೇ. ಅಲೆಯಲ್ಲಿ ಮೊದಲ ಅಂಗಡಿ, ಅದರೊಳಗಿದ್ದ ಫೋನು ಎಲ್ಲ ಹೋಗಿ ಕೊನೆಯ ವರ್ಷದ್ದು ಅಂತ ಉಳಿದ ಚಿತ್ರ ಇದೊಂದೇ ಅಂತೆ.

ಇಬು ನನ್ನ ಫೋನಿನ ಕಡೆ ತೋರಿಸಿ ಏನೋ ಕೇಳಿದರು. ಮಗಳಿಗೆ ಅನುವಾದ ಮಾಡೋಕೆ ಸಂಕೋಚ. "ಮಾಸ್, ನಿಮ್ಮದು ದೊಡ್ಡ ಫೋನು, ಕಂಪ್ಯೂಟರ್ ಕೆಲಸ ಮಾಡೋರು. ಅಪ್ಪನ ಮುಖ ಬೆಳಕಿಗೆ ತರೋಕಾಗುತ್ತಾ ಅಂತ ಕೇಳ್ತಿದಾಳೆ."

'ಮಾಸ್' ಅಂದ್ರೆ ಅಣ್ಣ. ನಾನು ಫೋಟೋ ಕಳಿಸಿಕೊಂಡು ಎಡಿಟಿಂಗ್ ಆ್ಯಪ್‌ನಲ್ಲಿ ತೆರೆದೆ. ಶ್ಯಾಡೋಸ್ ಸ್ಲೈಡರನ್ನು ಪೂರ್ತಿ ಬಲಕ್ಕೆ ಎಳೆದೆ. ಕಪ್ಪು ಬೂದಿಯಾಯಿತು, ಬೂದಿಯಲ್ಲಿ ನೇರಳೆ ಚುಕ್ಕೆಗಳು ಎದ್ದವು. ಮೂಗು ಇಲ್ಲ, ಕಣ್ಣು ಇಲ್ಲ. ಆಕಾಶ ಸರಿಯಾಗಿ ಬರಲಿ ಅಂತ ತೆಗೆದಿದ್ದ ಫೋಟೋ, ಮೇಲಿಂದ ಇನ್‌ಸ್ಟಾಗ್ರಾಮ್ ಅದನ್ನು ಹಿಂಡಿ ಚಿಕ್ಕದು ಮಾಡಿತ್ತು. ಆ ಜಾಗದಲ್ಲಿ ಮುಖದ ಮಾಹಿತಿಯೇ ಇಲ್ಲ. 1883ರ ಪ್ಲೇಟಿನಲ್ಲಿ ಕೆಂಪು ಇಲ್ಲದ ಹಾಗೆ.

ಹುಡುಗಿ ಪಕ್ಕದಲ್ಲಿ ಕೂತು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದಳು, ಅವಳು ಆಗಲೇ ಒಂದು ಎಐ ಆ್ಯಪ್‌ನಲ್ಲಿ ಪ್ರಯತ್ನಿಸಿದ್ದಳಂತೆ. ಅದು ಒಂದು ಮುಖ ಕೂರಿಸಿಯೂ ಕೊಟ್ಟಿತಂತೆ, ತುಂಬಾ ನೀಟಾಗಿ, ಮೀಸೆ ಸಮೇತ. ಅಮ್ಮ ನೋಡಿ, "ಈ ಗಂಡಸು ಯಾರು?" ಅಂದರಂತೆ.

ನಾನು ಇಬು ಕಡೆ ನೋಡಿ ಆಗಲ್ಲ ಅಂತ ತಲೆಯಾಡಿಸಿದೆ. ಅವರು ಪರವಾಗಿಲ್ಲ ಅನ್ನೋ ಹಾಗೆ ಕೈ ಆಡಿಸಿ ಒಳಗೆ ಹೋಗಿ ಬಾಳೆಹಣ್ಣಿನ ಬಜ್ಜಿ ತಂದಿಟ್ಟರು. ಕೂತು ಹೇಳೋಕೆ ಶುರುಮಾಡಿದರು. ಎಡ ಹುಬ್ಬಿನ ಮೇಲೊಂದು ಗಾಯದ ಗುರುತು, ಚಿಕ್ಕವರಿದ್ದಾಗ ದೋಣಿಯಿಂದ ಬಿದ್ದದ್ದು. ನಕ್ಕರೆ ಒಂದೇ ಕಡೆ ಗುಳಿ. ಮಾತು ಕಡಿಮೆ, ಆದರೆ ಗಿರಾಕಿಗಳ ಹತ್ತಿರ ಜಾಸ್ತಿ. ಬಿಸಿಲಿಗೆ ಕುತ್ತಿಗೆಯ ಹಿಂಭಾಗ ಮುಖಕ್ಕಿಂತ ಕಪ್ಪು. ಹುಡುಗಿ ಅನುವಾದ ಮಾಡ್ತಾ ಮಾಡ್ತಾ ನಡುನಡುವೆ ತಾಯಿಯ ಜೊತೆ ವಾದಕ್ಕಿಳಿದಳು, ಗುಳಿ ಬಲಗಡೆನಾ ಎಡಗಡೆನಾ ಅಂತ. ಹಿಂದೆ ಸೂರ್ಯ ಇಳಿದು ಹೋಗ್ತಿತ್ತು. ಅವತ್ತಿನ ಬಣ್ಣ ಹಿಂದಿನ ದಿನಕ್ಕಿಂತಲೂ ಚೆನ್ನಾಗಿತ್ತು, ಈಗ ವೈಟ್ ಬ್ಯಾಲೆನ್ಸ್ ಹೇಗೆ ಇಡಬೇಕು ಅನ್ನೋದೂ ಗೊತ್ತಿತ್ತು. ನಾನು ತಿರುಗಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ, ಎರಡು ಸಲ ತಿರುಗಿ ನೋಡಿದೆ.

ಹೊರಡುವ ಮುಂಚೆ ಇಬ್ಬರನ್ನೂ ಅಂಗಡಿಯ ಮುಂದೆ, ಸಮುದ್ರಕ್ಕೆ ಬೆನ್ನು ಮಾಡಿ ನಿಲ್ಲಿಸಿದೆ. ಸ್ಕ್ರೀನಿನ ಮೇಲೆ ಇಬು ಮುಖವನ್ನು ಮುಟ್ಟಿ ಎಕ್ಸ್‌ಪೋಷರ್ ಲಾಕ್ ಮಾಡಿದೆ. ಮುಖಗಳು ಬೆಳಗಿದವು. ಹಿಂದಿದ್ದ ಆಕಾಶ, ರಕಾತಾ, ಸುಂಡಾ ಜಲಸಂಧಿ ಎಲ್ಲ ಬೆಳ್ಳಗಾಗಿ ಸುಣ್ಣ ಬಳಿದ ಗೋಡೆಯ ಹಾಗಾಯಿತು. ಫೋಟೋ ನೋಡಿ ಹುಡುಗಿ, "ಮಾಸ್, ಸೆಂಜಾ ಎಲ್ಲಿ ಹೋಯ್ತು?" ಅಂತ ನಕ್ಕಳು.

ಇಬು ಫೋನ್ ಕಸಿದುಕೊಂಡು ಎರಡು ಬೆರಳಿನಿಂದ ತಮ್ಮ ಮುಖವನ್ನು ದೊಡ್ಡದು ಮಾಡಿ ನೋಡಿದರು. ಕೂದಲು ಎಷ್ಟು ಬೆಳ್ಳಗಾಗಿದೆ ಅಂತ ಮಗಳನ್ನು ಬೈದರು, ಯಾಕೆ ಮುಂಚೆಯೇ ಹೇಳಲಿಲ್ಲ ಅಂತ. ಆಮೇಲೆ ಅದನ್ನು ತಮ್ಮ ನಂಬರಿಗೆ ಕಳಿಸು ಅಂದರು.